ಏಳೂವರೆ ಅಡಿಯ ಭಾರ
ಏಳೂವರೆ ಅಡಿಯ ಚೀನೀ ಬ್ಯಾಸ್ಕೆಟ್‌ಬಾಲ್ ಆಟಗಾರ ಯಾವೊ ಮಿಂಗ್ 2002ರಲ್ಲಿ ಅಮೆರಿಕದ ಹ್ಯೂಸ್ಟನ್ ರಾಕೆಟ್ಸ್ ತಂಡ ಸೇರಿದ. 2011ರಲ್ಲಿ, ಇನ್ನೂ ಮೂವತ್ತರಲ್ಲೇ, ಆಟ ಬಿಟ್ಟ. ಕಾಡಿದ್ದು ಎಡಗಾಲು. 2008ರಲ್ಲಿ ಬಿರುಕು ಬಿಟ್ಟದ್ದು ಪಾದದ ಕಮಾನಿನಲ್ಲಿರುವ ನವಿಕ್ಯುಲರ್ ಎಂಬ ಪುಟ್ಟ ಮೂಳೆ. ಅದರ ನಡುಭಾಗಕ್ಕೆ ರಕ್ತ ಹರಿಯುವುದೇ ಕಡಿಮೆ, ಹಾಗಾಗಿ ಕೂಡುವುದೂ ನಿಧಾನ. ಲೆಕ್ಕವೂ ಎತ್ತರದವರ ಪರ ಇಲ್ಲ: ಮೈಯ ಎಲ್ಲ ಅಳತೆಗಳೂ ಶೇ. 10 ಬೆಳೆದರೆ ಮೂಳೆಯ ಅಡ್ಡಕೊಯ್ತ ಶೇ. 21 ಹಿಗ್ಗುತ್ತದೆ, ತೂಕ ಶೇ. 33 ಏರುತ್ತದೆ. ಮೇಲೆ ಜಿಗಿತ ಬೇರೆ! ಆದರೂ ಎತ್ತರವೊಂದನ್ನೇ ದೂರಲು ನನಗೆ ಮನಸ್ಸಿಲ್ಲ. ಯಾವೊ ಬೇಸಿಗೆಯಲ್ಲೂ ಚೀನಾ ತಂಡಕ್ಕೆ ಆಡುತ್ತಿದ್ದ; ಕಾಲಿಗೆ ಬಿಡುವೆಲ್ಲಿತ್ತು? ಅದೇ ಆಟದ ಏಳಡಿ ಎರಡಿಂಚಿನ ಕರೀಮ್ ಅಬ್ದುಲ್-ಜಬ್ಬಾರ್ ಯೋಗ ಮಾಡಿಕೊಂಡು 20 ಋತು ಆಡಿ, 42ರಲ್ಲಿ ನಿವೃತ್ತನಾದ. ಗಾಯ ಕುಳ್ಳರನ್ನೂ ಬಿಡುವುದಿಲ್ಲ: 2012ರಲ್ಲಿ ಮಂಡಿಯ ಅಸ್ಥಿರಜ್ಜು ಹರಿದುಕೊಂಡ ಡೆರಿಕ್ ರೋಸ್ ಈ ಆಟಗಾರರ ಬಳಗದಲ್ಲಿ ಕುಳ್ಳನೇ.