ಕೇಶ್ವಾಪುರದ ಊಟ, ಇನ್ನೂರಿಪ್ಪತ್ತರ ಕಾಫಿ

ಕೊಳೆರೋಗ, ಬೋರ್ಡೋ ದ್ರಾವಣ, ಬೆರಿ ಬೋರರ್, ಪೇಟೆ ಧಾರಣೆ ಇವುಗಳ ಮಾತು ಬಿಟ್ಟು ಸಂಘದ ಪತ್ರಿಕೆಯಲ್ಲಿ ಹೋಟೆಲಿನ ಊಟದ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಊಟ ಕೆಟ್ಟರೆ ಅದು ಉಂಡವನ ಹೊಟ್ಟೆಯ ವಿಷಯ. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು ದೊಡ್ಡಸ್ತಿಕೆಯಲ್ಲ. ಆದರೆ ಆ ಊಟದ ಕೊನೆಗೆ ಬಂದದ್ದು ಕಾಫಿ. ಕಾಫಿ ನಮ್ಮದು. ಆದ್ದರಿಂದ ಬರೆಯುತ್ತಿದ್ದೇನೆ.

ಘಟ್ಟದ ಮೇಲಿನ ನಮ್ಮ ತಾಲೂಕುಗಳವರಿಗೆ ಆಸ್ಪತ್ರೆ, ಪಂಪ್‌ಸೆಟ್ಟಿನ ಬಿಡಿಭಾಗ, ಮದುವೆ ಜವಳಿ ಎಲ್ಲಕ್ಕೂ ಹುಬ್ಬಳ್ಳಿಯೇ ಗತಿ. ನನ್ನ ಮನೆಯಾಕೆಯ ಕಣ್ಣಿನ ಪೊರೆ ತೆಗೆಸಿದ್ದೂ ಅಲ್ಲಿಯೇ. ಮರುಪರೀಕ್ಷೆಗೆ ಹೋದ ದಿನ ಡಾಕ್ಟರು ಎಲ್ಲ ಸರಿಯಾಗಿದೆ ಎಂದರು. ರೈಲ್ವೆ ಕಚೇರಿಯಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಕೇಶ್ವಾಪುರದಲ್ಲಿ ಮನೆ ಮಾಡಿಕೊಂಡಿದ್ದಾನೆ. ‘ಅತ್ತೆಗೆ ಕಣ್ಣು ಬಂತಲ್ಲ ಮಾವ, ಇವತ್ತು ಮನೆಯಲ್ಲಿ ಅಡಿಗೆ ಬೇಡ’ ಎಂದ. ಹಾಗಾದರೆ ಖಾನಾವಳಿಗೆ ಹೋಗೋಣ, ಬಿಸಿ ರೊಟ್ಟಿ ಎಣ್ಣೆಗಾಯಿ ತಿಂದು ವರ್ಷವಾಯಿತು ಎಂದು ಆಕೆಯ ಸೂಚನೆ. ‘ಖಾನಾವಳಿ ಯಾವಾಗಲೂ ಇದ್ದದ್ದೇ ಅತ್ತೆ’ ಎಂದು ಹುಡುಗ ಆಗಲೇ ಫೋನಿನಲ್ಲಿ ಟೇಬಲ್ಲು ಕಾದಿರಿಸಿಯಾಗಿತ್ತು. ದುಡ್ಡು ನಾನೇ ಕೊಡುವುದೆಂಬ ಷರತ್ತಿನ ಮೇಲೆ ಹೊರಟೆವು. ಈ ಷರತ್ತು ಹಾಕಿದವನು ನಾನೇ, ಆದ್ದರಿಂದ ಯಾರನ್ನೂ ದೂರುವಂತಿಲ್ಲ.

ಹಿಂದೊಮ್ಮೆ ಕೇಶ್ವಾಪುರವೆಂದರೆ ರೈಲ್ವೆಯವರ ಮನೆಗಳು, ಚರ್ಚಿನ ಗಂಟೆ, ಕತ್ತಲಾಗುತ್ತಲೇ ಸದ್ದಡಗುವ ರಸ್ತೆ. ಈಗ ಅಲ್ಲಿ ರಾತ್ರಿ ಹತ್ತು ಗಂಟೆಗೂ ಹಗಲಿನ ಬೆಳಕು. ನಾವು ಹೋದ ಜಾಗದಲ್ಲಿ ಮಾತ್ರ ಬೆಳಕೆಲ್ಲ ಹೊರಗಿನ ಬೋರ್ಡಿಗೇ ಖರ್ಚಾಗಿ ಒಳಗೆ ಕತ್ತಲೆ ಉಳಿದಿತ್ತು. ತಿಂಡಿಗಳ ಪಟ್ಟಿ ಪೂರ್ತಿ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ. ‘ಕಣ್ಣು ಮಾಡಿಸಿಕೊಂಡದ್ದು ಕತ್ತಲಲ್ಲಿ ಕೂರಲಿಕ್ಕೋ?’ ಎಂದು ಮನೆಯಾಕೆ ಕೇಳಿದಳು. ಅಳಿಯ ಮೊಬೈಲಿನ ಟಾರ್ಚು ಹಾಕಿ ಓದಿದ.

ಊಟದ ವರ್ಣನೆ ಹೆಚ್ಚು ಬೆಳೆಸುವುದಿಲ್ಲ. ಸೂಪು ಉಗುರುಬೆಚ್ಚಗಿತ್ತು. ಅದರ ಹಿಂದೆ ಮುಖ್ಯ ಊಟ ಬರಲು ಮುಕ್ಕಾಲು ಗಂಟೆ ಹಿಡಿಯಿತು. ‘ಮಲೆನಾಡು ಅಕ್ಕಿ ರೊಟ್ಟಿ’ ಎಂಬ ಹೆಸರು ಕಂಡು ಆಸೆಯಿಂದ ಎರಡು ಪ್ಲೇಟು ಹೇಳಿದೆವು. ಅಂಗೈಯಗಲದ ಮೂರು ಬಿಲ್ಲೆ, ಅಂಚು ಒಣಗಿ ಚಿಪ್ಪಾಗಿತ್ತು, ಪಕ್ಕದಲ್ಲಿ ಒಂದು ಚಮಚ ಚಟ್ನಿ. ಇದಕ್ಕೆ ಪ್ಲೇಟಿಗೆ 340 ರೂಪಾಯಿ. ಕಾಳುಮೆಣಸಿನ ಪ್ರಸಂಗವನ್ನು ಮಾತ್ರ ಹೇಳಲೇಬೇಕು. ಮಾಣಿ ಮೊಳದುದ್ದದ ಮರದ ಯಂತ್ರವೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಸೂಪಿನ ಮೇಲೆ ಪೂಜೆಯ ಶ್ರದ್ಧೆಯಿಂದ ಎರಡು ಸುತ್ತು ತಿರುಗಿಸಿದ. ಬಿದ್ದದ್ದು ನಾಲ್ಕು ಚೂರು, ಅದರಲ್ಲಿ ಪರಿಮಳವಿಲ್ಲ. ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿ ಮೆಣಸು ಕೊಯ್ಯುವ ಮನೆಯವರು ನಾವು. ಆಕೆ ನನ್ನ ಮುಖ ನೋಡಿದಳು, ನಾನು ಸೂಪು ನೋಡಿದೆ.

ಆ ಮಾಣಿಯ ಮೇಲೆ ನನಗೆ ಸಿಟ್ಟಿಲ್ಲ. ದೂರದ ಊರಿನ ಹುಡುಗ, ವಿನಯದಿಂದಲೇ ನಡೆದುಕೊಂಡ. ಅಡಿಗೆ ಅವನದಲ್ಲ, ದರ ಅವನದಲ್ಲ.

ಕೊನೆಗೆ ಕಾಫಿ. ಪಟ್ಟಿಯಲ್ಲಿ ಅದರ ಹೆಸರು ‘ಇಟಾಲಿಯನ್ ರೋಸ್ಟ್’, ದರ 220. ಮೂರು ಹೇಳಿದೆವು. ಬಂದದ್ದರಲ್ಲಿ ಬಣ್ಣ ಗಾಢವಾಗಿತ್ತು, ಬಿಸಿಯೂ ಇತ್ತು, ಕಾಫಿಯ ಘಮ ಇರಲಿಲ್ಲ. ಬಾಯಲ್ಲಿ ಸುಟ್ಟ ಬೆಲ್ಲದ ರುಚಿ ಉಳಿಯಿತು. ಚಿಕೋರಿಯೇ ಎಂದು ಪ್ರಮಾಣ ಮಾಡಿ ಹೇಳಲಾರೆ, ಹಳೆಯ ಪುಡಿಯೂ ಇರಬಹುದು. ಯಾವ ಊರಿನ ಕಾಫಿ ಎಂದು ಮ್ಯಾನೇಜರರನ್ನು ಕರೆದು ಕೇಳಿದೆ. ಆತ ಹುಬ್ಬಳ್ಳಿಯವನೇ, ನೇರ ಮಾತಿನವ. ‘ಪುಡಿ ಪ್ಯಾಕೆಟ್‌ನ್ಯಾಗ ಬರ್ತೈತ್ರಿ ಸರ, ಎಲ್ಲಿಂದು ಅಂತ ನಮಗೂ ಗೊತ್ತಿಲ್ರಿ’ ಎಂದ.

ಈ ಇಟಲಿಯ ಹೆಸರಿನ ವಿಚಾರ ನೋಡಿ. ಇಟಲಿಯಲ್ಲಿ ಕಾಫಿ ಬೆಳೆಯೇ ಇಲ್ಲವೆನ್ನಬಹುದು. ನಮ್ಮ ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲು ಹೊರದೇಶಕ್ಕೆ ಹೋಗುತ್ತದೆ, ಅದನ್ನು ಕೊಳ್ಳುವವರಲ್ಲಿ ಬಹುಕಾಲದಿಂದ ಇಟಲಿಯೇ ಮೊದಲು. ಅವರ ಎಸ್ಪ್ರೆಸೊ ಮೇಲೆ ನಿಲ್ಲುವ ಕಂದು ನೊರೆಗೆ ಒಳ್ಳೆಯ ರೊಬಸ್ಟಾ ಬೇಕು, ಅದಕ್ಕಾಗಿ ಕೊಡಗು, ಚಿಕ್ಕಮಗಳೂರಿನ ಬೀಜವನ್ನು ಅವರು ಹುಡುಕಿ ಕೊಳ್ಳುತ್ತಾರೆ. ಹೀಗೆ ನಮ್ಮ ಬೀಜ ಸಮುದ್ರ ದಾಟಿ ಇಟಲಿಯ ಕಾಫಿಯಾಗುತ್ತದೆ. ತೋಟದಿಂದ ನಾಲ್ಕು ತಾಸಿನ ದಾರಿಯ ಹುಬ್ಬಳ್ಳಿಯಲ್ಲಿ ಆ ಹೆಸರು ಮಾತ್ರ ಬಂದು ಕೂತಿದೆ, ಬೀಜ ಬರಲಿಲ್ಲ.

ಈಗ ಲೆಕ್ಕ. 2024ರಲ್ಲಿ ರೊಬಸ್ಟಾ ಚೆರಿ 50 ಕಿಲೋ ಚೀಲಕ್ಕೆ ಹತ್ತು ಸಾವಿರ ರೂಪಾಯಿ ಮುಟ್ಟಿದ್ದನ್ನು ನಾವೆಲ್ಲ ಕಂಡೆವು. ಆ ಹೆಚ್ಚಿನ ಧಾರಣೆಯನ್ನೇ ಹಿಡಿಯೋಣ. ಒಂದು ಚೀಲ ಚೆರಿ ಸಿಪ್ಪೆ ಕಳೆದು ಸುಮಾರು 25 ಕಿಲೋ ಬೀಜವಾಗುತ್ತದೆ. ಹುರಿದಾಗ ತೂಕ ಇಳಿದು 21 ಕಿಲೋದಷ್ಟು ಪುಡಿ. ಲೋಟಕ್ಕೆ 10 ಗ್ರಾಂ ಧಾರಾಳವಾಗಿ ಹಾಕಿದರೂ 2,100 ಲೋಟ. ಅಂದರೆ ಒಂದು ಲೋಟಕ್ಕೆ ಬೆಳೆಗಾರನಿಗೆ ಐದು ರೂಪಾಯಿಗೂ ಒಳಗೆ. ಅದಕ್ಕೂ ನಾಲ್ಕೈದು ವರ್ಷ ಹಿಂದೆ ಚೀಲಕ್ಕೆ ಮೂರರಿಂದ ನಾಲ್ಕು ಸಾವಿರ ಸಿಗುತ್ತಿದ್ದಾಗ ಎರಡು ರೂಪಾಯಿಯೂ ಬೀಳುತ್ತಿರಲಿಲ್ಲ. ಅದೇ ಚೀಲವನ್ನು ಕೇಶ್ವಾಪುರದ ಆ ಟೇಬಲ್ಲಿನ ದರದಲ್ಲಿ ಮಾರಿದರೆ 4 ಲಕ್ಷ 62 ಸಾವಿರ ರೂಪಾಯಿ.

ಹೋಟೆಲಿನವರಿಗೆ ಬಾಡಿಗೆಯಿದೆ, ಸಂಬಳವಿದೆ, ಹಾಲು, ಗ್ಯಾಸು, ಕರೆಂಟು ಇದೆ ಎಂದು ಯಾರಾದರೂ ಹೇಳುವುದು ನ್ಯಾಯವೇ. 220 ರೂಪಾಯಿಯಲ್ಲಿ ನಮಗೆ ನೂರು ಕೊಡಿರೆಂದು ನಾನು ಕೇಳುತ್ತಿಲ್ಲ. ನನ್ನ ಆಕ್ಷೇಪ ಬೇರೆ. ಪುಡಿಯ ಖರ್ಚು ಇಷ್ಟು ಅಲ್ಪವಿರುವಾಗ ಅದನ್ನೇ ಕಳಪೆ ಮಾಡಿ ಉಳಿಸುವುದು ಎಷ್ಟನ್ನು? ಇನ್ನೂ ಐದು ರೂಪಾಯಿ ಹೆಚ್ಚು ಹಾಕಿದರೆ ಉತ್ತಮವಾದ ಕಾಫಿ ಆಗುತ್ತಿತ್ತು. ಹಾಕುವುದಿಲ್ಲ, ಏಕೆಂದರೆ ಕೇಳುವವರಿಲ್ಲ. ಅಂಗಡಿಯ ಪೊಟ್ಟಣದ ಮೇಲೆ ಕಾಫಿ ಶೇಕಡ ಎಷ್ಟು, ಚಿಕೋರಿ ಎಷ್ಟು ಎಂದು ಅಚ್ಚು ಹಾಕಬೇಕೆಂದು ಕಾನೂನಿದೆ, ಚಿಕೋರಿ 49ನ್ನು ಮೀರುವಂತಿಲ್ಲ. ಟೇಬಲ್ಲಿಗೆ ಬರುವ ಲೋಟದ ಮೇಲೆ ಅಚ್ಚಿಲ್ಲ.

ಬಿಲ್ಲಿನ ವಿಷಯವನ್ನೂ ಹೇಳುತ್ತೇನೆ, ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು. ಊಟದ ಮೊತ್ತ 3,890. ಅದರ ಕೆಳಗೆ ಸರ್ವಿಸ್ ಚಾರ್ಜು ಎಂದು ಶೇಕಡ 10, ಅದೂ ಸೇರಿದ್ದಕ್ಕೆ ಶೇಕಡ 5 ಜಿಎಸ್‌ಟಿ. ಸರ್ವಿಸ್ ಚಾರ್ಜು ಸರಕಾರದ ತೆರಿಗೆಯಲ್ಲ. ಅದನ್ನು ಗಿರಾಕಿಯನ್ನು ಕೇಳದೆ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ. ಹೋಟೆಲುಗಳ ಸಂಘಗಳು ಇದರ ವಿರುದ್ಧ ಕೋರ್ಟಿಗೆ ಹೋದವು, 2025ರ ಮಾರ್ಚಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ತೆಗೆಯಿರಿ ಎಂದೆ. ಅಳಿಯ ಸಂಕೋಚದಿಂದ ‘ಹೋಗಲಿ ಬಿಡಿ ಮಾವ’ ಎಂದು ಪಿಸುಗುಟ್ಟಿದ. ಮ್ಯಾನೇಜರು ತಕರಾರಿಲ್ಲದೆ ತೆಗೆದ, 400 ರೂಪಾಯಿಗೆ ಮೇಲ್ಪಟ್ಟು ಇಳಿಯಿತು. ಅದರಲ್ಲಿ ನೂರನ್ನು ಮಾಣಿಯ ಕೈಗೆ ಕೊಟ್ಟು ಬಂದೆ. ತೆಗೆಯದಿದ್ದರೆ 1915 ಎಂಬ ನಂಬರಿಗೆ ದೂರು ಹೇಳಬಹುದು.

ಆದರೂ ನಾಲ್ಕು ಸಾವಿರದ ಮೇಲಾಯಿತು. ರಾಶಿ ಅಡಿಕೆ ಕ್ವಿಂಟಲಿಗೆ 45 ಸಾವಿರ ಎಂದು ಹಿಡಿದರೆ ಒಂಬತ್ತು ಕಿಲೋ. ಕೊನೆಗೌಡ ಮರ ಹತ್ತಿ, ಹೆಂಗಸರು ರಾತ್ರಿ ಕೂತು ಸುಲಿದು, ಬೇಯಿಸಿ, ಅಟ್ಟದ ಮೇಲೆ ಒಣಗಿಸಿ, ಮೋಡ ಕಂಡಾಗ ಓಡಿ ಮುಚ್ಚಿದ ಒಂಬತ್ತು ಕಿಲೋ. ಉಂಡೆದ್ದಾಗ ಕವಳವೂ ಇರಲಿಲ್ಲ. ಬಣ್ಣದ ಸಕ್ಕರೆ ಮೆತ್ತಿದ ಸೋಂಪು ಇಟ್ಟಿದ್ದರು.

ಇಷ್ಟು ಹೊತ್ತು ಅವರನ್ನು ಬೈದದ್ದಾಯಿತು. ರಾತ್ರಿ ಮಲಗಿದಾಗ ಮನೆಯಾಕೆ ಒಂದು ಮಾತು ಹೇಳಿದಳು: ‘ನಮ್ಮ ಮನೆಗೆ ಬಂದವರಿಗೆ ನಾವು ಕೊಡುವ ಕಾಫಿ ಇದಕ್ಕಿಂತ ಏನು ಮೇಲು?’ ಉತ್ತರ ಹೊಳೆಯಲಿಲ್ಲ. ಚೆರಿ ಒಣಗಿದ್ದೇ ಚೀಲ ತುಂಬಿ ಮಾರಿ, ಬರುವ ದಾರಿಯಲ್ಲಿ ಕಿರಾಣಿ ಅಂಗಡಿಯಿಂದ ಚಿಕೋರಿ ಬೆರೆತ ಪೊಟ್ಟಣ ತರುವವರು ನಾವು. ಮನೆಗೆ ಇಟ್ಟುಕೊಂಡರೂ ಇಡುವುದು ಕಪ್ಪು, ಒಡಕು, ಮಳೆಗೆ ಸಿಕ್ಕಿದ್ದು. ಒಳ್ಳೆಯದೆಲ್ಲ ಪೇಟೆಗೆ.

ಈ ಅಭ್ಯಾಸಕ್ಕೆ ಕಾರಣವೂ ಇದೆ. 1942ರ ಕಾಫಿ ಕಾಯಿದೆಯ ಕೆಳಗೆ ಬೆಳೆದದ್ದನ್ನೆಲ್ಲ ಮಂಡಳಿಯ ಪೂಲಿಗೆ ಕೊಡಬೇಕಿತ್ತು, ಮನೆ ಬಳಕೆಗೆ ಇಷ್ಟೆಂದು ಇಟ್ಟುಕೊಳ್ಳಲು ಮಾತ್ರ ಅನುಮತಿ. ಕಣದಿಂದಾಚೆ ಕಾಫಿ ನಮ್ಮದಲ್ಲವೆಂದು ಎರಡು ತಲೆಮಾರು ಕಲಿತಿತು. ಆ ಕಟ್ಟು 1996ರಲ್ಲಿ ಪೂರ್ತಿ ಬಿಚ್ಚಿತು. ಕಟ್ಟು ಹೋಯಿತು, ಮನಸ್ಸು ಇನ್ನೂ ಕಣದಲ್ಲೇ ನಿಂತಿದೆ.

ಕಣ ದಾಟಿದವರು ಇಲ್ಲವೆಂದಲ್ಲ. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ, 1957ರಲ್ಲಿ, ಬೆಂಗಳೂರಿನಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಅದನ್ನು ನಡೆಸಿದರು. ಕೋಕೋ ಕೊಳ್ಳುವವರಿಲ್ಲದೆ ಬೆಳೆಗಾರ ಗಿಡ ಕೀಳಹೊರಟ ಕಾಲದಲ್ಲಿ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆ ಕಟ್ಟಿತು. ಅಡಿಕೆ ಬೆಳೆಗಾರರ ಸಂಘಕ್ಕೆ ಚಾಕೊಲೇಟೇಕೆ ಎಂದು ಆಗಲೂ ನಕ್ಕವರಿದ್ದರು ಎಂದುಕೊಂಡಿದ್ದೇನೆ.

ಮರುದಿನ ಮಧ್ಯಾಹ್ನ ಬಸ್ಸಿಗೆ ಮುಂಚೆ ಆಕೆಯ ಆಸೆಯಂತೆ ಖಾನಾವಳಿಗೆ ಹೋದೆವು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು; ಕೇಶ್ವಾಪುರದ ಒಂದು ಲೋಟ ಕಾಫಿಯ ದರದಲ್ಲಿ ಇಬ್ಬರದೂ ಊಟ ಮುಗಿಯಿತು. ಖಾನಾವಳಿಯ ಯಜಮಾನಿಯನ್ನು ಆಕೆ ಕಾಫಿ ಕೇಳಿದಳು. ‘ಕಾಫಿ ಕೇಳೋರ ಇಲ್ರಿ ಅಕ್ಕಾರ, ಚಾ ಕೊಡ್ಲಿ?’ ಎಂದು ಉತ್ತರ ಬಂತು. ಒಳ್ಳೆಯ ಪುಡಿ ಸಿಕ್ಕರೆ ಮಾಡುವಿರಾ ಎಂದು ನಾನು ಕೇಳಿದೆ. ‘ತಂದು ಕೊಡ್ರಿ, ಮಾಡಿ ನೋಡೋಣಂತ. ರೇಟ್ ಹೆಚ್ಚು ಹೇಳಬ್ಯಾಡ್ರಿ ಮತ್ತ’ ಎಂದರು.

ಹುಬ್ಬಳ್ಳಿ ಚಹಾದ ಊರು, ಅಲ್ಲಿ ಕಾಫಿ ನಡೆಯದು ಎಂದು ಕೆಲವು ಹಿರಿಯ ಸದಸ್ಯರು ಈಗಾಗಲೇ ನನಗೆ ಹೇಳಿದ್ದಾರೆ. ಇರಬಹುದು. ನಾನು ಕೇಳುವುದು ಕಾರ್ಖಾನೆಯನ್ನಲ್ಲ. ಸದಸ್ಯರ ಒಳ್ಳೆಯ ಬೀಜವನ್ನು ಸಂಘವೇ ಬೇರೆ ಮಾಡಿ, ಹುರಿದು, ಚಿಕೋರಿಯಿಲ್ಲದೆ, ಹುರಿದ ತಾರೀಖು ಬರೆದು, ತಿಂಗಳಿಗೆ 50 ಕಿಲೋದಂತೆ ಹುಬ್ಬಳ್ಳಿಯ ಐದಾರು ಖಾನಾವಳಿಗಳಿಗೆ ಒಂದು ವರ್ಷ ಕೊಟ್ಟು ನೋಡುವುದು. ನಷ್ಟವಾದರೆ ಎಷ್ಟಾದೀತೆಂಬ ಪಟ್ಟಿಯನ್ನು ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಬರುವ ವಾರ್ಷಿಕ ಸಭೆಗೆ ಇದನ್ನು ಠರಾವಾಗಿ ತರುವವನಿದ್ದೇನೆ. ಅನುಮೋದಿಸುವವರೊಬ್ಬರು ಬೇಕು, ವಿರೋಧಿಸುವವರು ತಮ್ಮ ಲೆಕ್ಕ ತರಲಿ.