ಬಿದ್ದದ್ದು ಯಾರ ತಪ್ಪು?

ಯಲಹಂಕ, ಹೆಬ್ಬಾಳದ ಕಡೆ ಏಳುತ್ತಿರುವ ಕಟ್ಟಡಗಳಿಂದ ಜಾರಿ ಬಿದ್ದೋ ಬಳ್ಳಾರಿ ರಸ್ತೆಯ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾದ ಯುವಕನಿಗೆ ಪುನರ್ವಸತಿ ಚಿಕಿತ್ಸೆಯೆಂದರೆ ಎರಡನೆಯ ಬದುಕು. ಆದರೆ ಅಲ್ಲಿಯೇ ಆತ ಮತ್ತೆ ಬೀಳುವುದುಂಟು: ಮಂಚದಿಂದ ಗಾಲಿಕುರ್ಚಿಗೆ ಸರಿಯುವಾಗ, ಬ್ರೇಕ್ ಹಾಕದ ಕುರ್ಚಿ ಹಿಂದಕ್ಕೆ ಉರುಳಿದಾಗ, ಒದ್ದೆ ಶೌಚಾಲಯದಲ್ಲಿ. ಬಹುಕಾಲ ಮಲಗಿದ್ದವನನ್ನು ಥಟ್ಟನೆ ಕೂರಿಸಿದರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆಗಟ್ಟುತ್ತದೆ. ಮೂಳೆಗಳು ಸವೆದಿರುತ್ತವೆ, ಸ್ಪರ್ಶಜ್ಞಾನವಿಲ್ಲದ ಕಾಲು ಮುರಿದರೂ ನೋವು ತಿಳಿಯದು. ಬಿದ್ದ ಬಳಿಕ ಕಾಲು ಊದಿದರೆ ಎಕ್ಸ್-ರೇ ಆಗಲೇಬೇಕು.

ಇಂತಹ ಸಂದರ್ಭದಲ್ಲಿ ಜೊತೆಗಿದ್ದ ತಾಯಿ, ಪತ್ನಿಯರನ್ನೇ ದೂರುವುದು ನಮಗೆ ಒಪ್ಪಿಗೆಯಿಲ್ಲ. ಎತ್ತಿ ಕೂರಿಸುವ ಕ್ರಮವನ್ನು ಅವರಿಗೆ ಕಲಿಸಿದವರಾರು? ಬೈಗುಳಕ್ಕೆ ಹೆದರಿ ಬಿದ್ದದ್ದನ್ನೇ ಮುಚ್ಚಿಟ್ಟರೆ ಹಾನಿ ರೋಗಿಗೆ. ಹಾಗೆಂದು ಭಯದಿಂದ ಮಂಚದಲ್ಲೇ ಮಲಗಿಸಿಡುವುದು ಇನ್ನೂ ಕೆಟ್ಟದು. ಒತ್ತುಹುಣ್ಣು ಅಲ್ಲಿಂದಲೇ ಆರಂಭ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್, ಸರಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳಲ್ಲೂ ತಡೆರಹಿತ ಪ್ರವೇಶಕ್ಕೆ ಕ್ರಮ ಕೈಗೊಳ್ಳುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿದೆ. ಶೌಚಾಲಯವೂ ಆಸ್ಪತ್ರೆಯ ಭಾಗವೇ ತಾನೇ! ಪ್ರತಿಯೊಂದು ಬೀಳುವಿಕೆಯೂ ದಾಖಲಾಗಲಿ. ಬಿಡುಗಡೆಗೆ ಮುನ್ನ ಮನೆಯವರು ದಾದಿಯರ ಎದುರೇ ರೋಗಿಯನ್ನು ಸರಿಸಿ ತೋರಿಸಲಿ. ಆರ್.ಟಿ. ನಗರದ ಬಾಡಿಗೆ ಮನೆಯ ಬಚ್ಚಲಿನೊಳಗೆ ಗಾಲಿಕುರ್ಚಿ ಹೋಗುವುದೇ ಎಂಬುದನ್ನೂ ವೈದ್ಯರು ಆಗಲೇ ಕೇಳಿ ತಿಳಿದುಕೊಳ್ಳಬೇಕು.