ಎಲೆ ಹಾಕಿ ಕೂರಿಸಿದ ಮೇಲೆ

‘ಕುಶಲ ಕೆಲಸಗಾರ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಈಚೆಗೆ ನನಗೆ ಸಿಟ್ಟು ಬರುತ್ತದೆ. ಯಾರು ಕುಶಲ, ಯಾರು ಅಲ್ಲ ಎಂದು ತೀರ್ಮಾನಿಸುವವರು ಯಾರು? ನಮ್ಮ ಹೆಡತಲೆಯಲ್ಲಿ ಇದು ಎಂದೂ ದೊಡ್ಡ ಪ್ರಶ್ನೆಯಾಗಿರಲಿಲ್ಲ. ಕೆಸರಿನಲ್ಲಿ ಬಗ್ಗಿ ಸಾಲು ತಪ್ಪದಂತೆ ನಾಟಿ ಹಾಕುವವಳು ಕುಶಲೆ. ಹೆರಿಗೆ ಕಷ್ಟವಾದಾಗ ಹೊಟ್ಟೆ ಸವರಿಯೇ ಮಗು ಯಾವ ಕಡೆ ತಿರುಗಿದೆ ಎಂದು ಹೇಳುತ್ತಿದ್ದ ಸೂಲಗಿತ್ತಿ ಕುಶಲೆ. ಕೆಲಸವನ್ನು ನೋಡಿ ಕಸುಬನ್ನು ಅಳೆಯುತ್ತಿದ್ದರೇ ಹೊರತು ಅವರಿಗೆ ಎಷ್ಟು ಪಡಿ ಭತ್ತ ಸಿಗುತ್ತದೆ ಎಂದು ನೋಡಿ ಅಲ್ಲ. ಕಮ್ಮಿ ಭತ್ತ ಸಿಗುತ್ತಿತ್ತು ಎಂಬುದು ನಮ್ಮ ಸಮಾಜದ ಅನ್ಯಾಯ, ಆ ಮಾತು ಬೇರೆ. ಆದರೆ ಕಮ್ಮಿ ಕೊಟ್ಟಿದ್ದರಿಂದಲೇ ಅವಳಿಗೆ ಕಸುಬು ಗೊತ್ತಿಲ್ಲ ಎಂದು ವಾದಿಸುವಷ್ಟು ನಮ್ಮ ಹಿರಿಯರು ಮುಂದುವರಿದಿರಲಿಲ್ಲ.

ಮುಂದುವರಿದ ದೇಶಗಳು ಇಂದು ಮಾಡುತ್ತಿರುವುದು ಇದನ್ನೇ. ಬ್ರಿಟನ್ನಿನ ಉದಾಹರಣೆ ನೋಡಿ. ಕೊರೋನಾ ಕಾಲದಲ್ಲಿ ಅಲ್ಲಿನ ವೃದ್ಧರನ್ನು ಎತ್ತಿ ಕೂರಿಸಲು, ಮೈ ತೊಳೆಸಲು, ಉಣಿಸಲು ಜನ ಸಿಗಲಿಲ್ಲ. 2022ರ ಫೆಬ್ರವರಿಯಲ್ಲಿ ಆ ಸರ್ಕಾರ ಆರೈಕೆಯ ಕೆಲಸದವರನ್ನು ಕೊರತೆಯಿರುವ ಕಸುಬುಗಳ ಪಟ್ಟಿಗೆ ಸೇರಿಸಿ, ಬನ್ನಿ ಎಂದು ಕರೆಯಿತು. ವರ್ಷಕ್ಕೆ 20,480 ಪೌಂಡ್ ಸಂಬಳವಿದ್ದರೆ ಸಾಕು, ಹೆಂಡತಿ, ಗಂಡ, ಮಕ್ಕಳನ್ನೂ ಕರೆತರಬಹುದು, ಐದು ವರ್ಷ ದುಡಿದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು ಎಂದಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಮಾತು ತಿರುಗಿತು. 2024ರ ಮಾರ್ಚ್ 11ರಿಂದ ಹೊಸದಾಗಿ ಬರುವ ಆರೈಕೆಯವರು ಸಂಸಾರವನ್ನು ತರುವಂತಿಲ್ಲ ಎಂದಾಯಿತು. ಉಳಿದ ಕುಶಲ ಕೆಲಸಗಾರರ ಸಂಬಳದ ಮಿತಿ ಅದೇ ಏಪ್ರಿಲ್‌ನಲ್ಲಿ 26,200 ಪೌಂಡಿನಿಂದ 38,700ಕ್ಕೆ ಹಾರಿತು. 2025ರ ಜುಲೈ 22ರಂದು ಅದು 41,700 ಆಯಿತು. ಅಂದೇ, ಕೆಲವು ಕಸುಬುಗಳಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟು, ಪದವಿ ಮಟ್ಟದ ಕೆಲಸ ಮಾತ್ರ ಕುಶಲ ಎಂಬ ನಿಯಮ ಬಂತು. ವಿದೇಶದಿಂದ ಹೊಸದಾಗಿ ಆರೈಕೆಯವರನ್ನು ಕರೆಸಿಕೊಳ್ಳುವುದು ನಿಂತುಹೋಯಿತು. ಹಾಸಿಗೆ ಹಿಡಿದ ಮುದುಕನನ್ನು ಹುಣ್ಣಾಗದಂತೆ ಮಗ್ಗುಲು ಬದಲಾಯಿಸುವ ಕೈ 2022ರಲ್ಲಿ ಕುಶಲವಾಗಿತ್ತು, 2025ರಲ್ಲಿ ಅಲ್ಲ. ಕೈ ಅದೇ. ಮುದುಕನೂ ಅವನೇ.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ತನ್ನ ಬಾಗಿಲನ್ನು ಯಾವಾಗ ಹಾಕಬೇಕು ಎಂಬುದು ಆಯಾ ಮನೆಯವರ ಇಷ್ಟ. ಆದರೆ 2025ರ ನವೆಂಬರ್‌ನಲ್ಲಿ ಆ ಸರ್ಕಾರ ಇನ್ನೊಂದು ಪ್ರಸ್ತಾಪವನ್ನು ಹೊರಡಿಸಿತು. ಕಾಯಂ ವಾಸಕ್ಕೆ ಐದು ವರ್ಷ ಸಾಲದು, ಸಾಮಾನ್ಯವಾಗಿ ಹತ್ತು ವರ್ಷ ಬೇಕು. ಪದವಿ ಮಟ್ಟಕ್ಕಿಂತ ಕೆಳಗಿನ ಕೆಲಸದವರಿಗೆ ಹದಿನೈದು. ಇದು ಮುಂದೆ ಬರುವವರಿಗೆ ಮಾತ್ರವಲ್ಲ, ಈಗಾಗಲೇ ಅಲ್ಲಿದ್ದು ವರ್ಷ ಎಣಿಸುತ್ತಿರುವವರಿಗೂ ಅನ್ವಯಿಸಬೇಕು ಎಂಬುದು ಅದರ ತಿರುಳು. ನನ್ನ ಜಗಳ ಇರುವುದು ಇಲ್ಲಿ.

ನಮ್ಮ ಕಡೆಯ ಒಬ್ಬ ಹೆಣ್ಣುಮಗಳು ಮೈಸೂರಿನಲ್ಲಿ ನರ್ಸಿಂಗ್ ಓದಿ 2023ರಲ್ಲಿ ಹೀಗೆ ಹೋದಳು. ಏಜೆಂಟನಿಗೆ ಕೊಡಲು ಅವಳಪ್ಪ ಗದ್ದೆಯನ್ನು ಭೋಗ್ಯಕ್ಕೆ ಹಾಕಿದ, ಬ್ಯಾಂಕಿನಲ್ಲಿ ಒಡವೆ ಇಟ್ಟ, ಉಳಿದದ್ದಕ್ಕೆ ಕೈಸಾಲ ಎತ್ತಿದ. ಐದು ವರ್ಷ ಎಂಬ ಲೆಕ್ಕದ ಮೇಲೇ ಇಡೀ ಸಂಸಾರ ನಿಂತಿತ್ತು. ಮಗು ಯಾವ ಶಾಲೆಗೆ ಸೇರಬೇಕು, ಗದ್ದೆ ಯಾವ ವರ್ಷ ಬಿಡಿಸಬೇಕು, ತಮ್ಮನ ಮದುವೆ ಯಾವಾಗ, ಎಲ್ಲವೂ ಆ ಐದರ ಗುಣಾಕಾರ ಭಾಗಾಕಾರ. ಹೊಸ ಪ್ರಸ್ತಾಪದ ಸುದ್ದಿ ತಿಳಿದು ಆತ ನನ್ನನ್ನು ಕೇಳಿದ: “ಅಲ್ಲ ಮೇಷ್ಟ್ರೇ, ಅವ್ರು ಐದು ವರ್ಸ ಅಂದಿದ್ದು ಈಗ ಹದಿನೈದು ಅಂತವ್ರಂತಲ್ಲ. ನಾನು ಬ್ಯಾಂಕ್ನೋರ್ತಾವ ಹೋಗಿ, ಸ್ವಾಮಿ, ಐದು ವರ್ಸದಲ್ಲಿ ತೀರುಸ್ತೀನಿ ಅಂದಿದ್ದೆ, ಈಗ ಹದಿನೈದು ಮಾಡ್ಕಂಡಿವ್ನಿ ಅಂದ್ರೆ ಬುಟ್ಟಾರಾ?” ನಲವತ್ತು ವರ್ಷ ಪಾಠ ಹೇಳಿದ ನನ್ನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಲಂಡನ್ನಿನ ಮಂತ್ರಿಗಳ ಬಳಿಯೂ ಇದೆಯೆಂದು ನನಗೆ ತೋರುವುದಿಲ್ಲ.

ನಮ್ಮೂರ ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನದಲ್ಲಿ ಹದಿನಾರು ಮುಖದ ಚಾವಡಿ ಎಂಬುದೊಂದಿದೆ. ಹಿಂದೆ ಇಲ್ಲಿ ಆಳುತ್ತಿದ್ದ ನಾಯಕ ತನ್ನ ಹದಿನಾರು ಮಂದಿ ಅಳಿಯಂದಿರು ಹೆಚ್ಚುಕಡಿಮೆಯಿಲ್ಲದೆ ಕೂರಲಿ ಎಂದು ಅದನ್ನು ಕಟ್ಟಿಸಿದ ಎಂಬ ಕಥೆಯನ್ನು ಊರವರು ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಅದರ ನೀತಿ ನಿಜ. ಹೊರಗಿನಿಂದ ಬಂದವನನ್ನು ನೀನಾಗಿ ಕರೆದು ಕೂರಿಸಿದ ಮೇಲೆ ಅವನ ಜಾಗಕ್ಕೆ ನೀನು ಹೊಣೆ. ಪಂಕ್ತಿಗೆ ಕರೆಯದೆ ಇರಬಹುದು, ತಪ್ಪಲ್ಲ. ಎಲೆ ಹಾಕಿ, ನೀರು ಚಿಮುಕಿಸಿ, ಅನ್ನ ಬಡಿಸಿದ ಮೇಲೆ ಸಾರು ಬರುವಷ್ಟರಲ್ಲಿ ಎಲೆ ಎತ್ತುವುದಕ್ಕೆ ನಮ್ಮಲ್ಲಿ ಬೇರೆಯೇ ಹೆಸರಿದೆ.

ಅಮೆರಿಕದ್ದು ಇನ್ನೂ ಒರಟು. 1990ರ ಕಾಯಿದೆಯಿಂದ ಹುಟ್ಟಿದ ಎಚ್-1ಬಿ ವೀಸಾವನ್ನು ನಂಬಿ ಬೆಂಗಳೂರು, ಮೈಸೂರುಗಳ ಎಷ್ಟೋ ಬೀದಿಗಳು ಬೆಳೆದಿವೆ. 2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿ, ಅದಕ್ಕೆ 1,00,000 ಡಾಲರ್ ಶುಲ್ಕ ಎಂದರು. ಅಂದಿನ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. ಜಾರಿ 21ರಿಂದ. ನಡುವೆ ಎರಡು ದಿನವೂ ಇರಲಿಲ್ಲ. ರಜೆಗೆಂದು ಊರಿಗೆ ಬಂದವರು ಸೂಟ್‌ಕೇಸ್ ಬಿಚ್ಚುವ ಮುನ್ನ ವಿಮಾನ ನಿಲ್ದಾಣಕ್ಕೆ ಓಡಿದರು. ಇದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇದ್ದವರಿಗಲ್ಲ ಎಂಬ ವಿವರಣೆ ಬಂದದ್ದು ಆಮೇಲೆ. ಅಷ್ಟರಲ್ಲಿ ಕಳೆದ ನಿದ್ದೆಯನ್ನು ಯಾರು ಹಿಂದಕ್ಕೆ ಕೊಟ್ಟಾರು? ಅಲ್ಲಿ ಒಳಗೆ ಹೋದವರ ಪಾಡೂ ಹೇಳಿಕೊಳ್ಳುವಂಥದ್ದಲ್ಲ. ಉದ್ಯೋಗದ ಗ್ರೀನ್ ಕಾರ್ಡುಗಳಲ್ಲಿ ಯಾವೊಂದು ದೇಶಕ್ಕೂ ನೂರಕ್ಕೆ ಏಳರ ಆಸುಪಾಸಿಗಿಂತ ಹೆಚ್ಚು ಸಿಗದಂಥ ಮಿತಿಯಿರುವುದರಿಂದ ನಮ್ಮವರ ಸರದಿ ದಶಕಗಟ್ಟಲೆ ಉದ್ದವಾಗಿದೆ. ಅಪ್ಪನ ಸರದಿ ಬರುವಷ್ಟರಲ್ಲಿ ಮಗನಿಗೆ ಇಪ್ಪತ್ತೊಂದು ತುಂಬಿ ಅವನು ಸರದಿಯಿಂದ ಹೊರಗೆ.

‘ಅವರ ದೇಶ, ಅವರ ಕಾನೂನು; ನಿಮಗೇನು ನೋವು?’ ಎಂದು ಕೇಳುವವರಿದ್ದಾರೆ. ಅವರ ವಾದದಲ್ಲಿ ಹುರುಳಿಲ್ಲದಿಲ್ಲ. 2023ರ ಜೂನ್‌ವರೆಗಿನ ಒಂದೇ ವರ್ಷದಲ್ಲಿ ಬ್ರಿಟನ್ನಿಗೆ ಬಂದವರಲ್ಲಿ ಹೋದವರನ್ನು ಕಳೆದು ಉಳಿದವರು ಒಂಬತ್ತು ಲಕ್ಷ ದಾಟಿದ್ದರು. ಅಲ್ಲಿನ ಜನಕ್ಕೆ ಮನೆ ಸಿಗುತ್ತಿಲ್ಲ, ಆಸ್ಪತ್ರೆಯ ಸರದಿ ಕರಗುತ್ತಿಲ್ಲ. ಅವರು ಕಳವಳಗೊಂಡರೆ ತಪ್ಪೆನ್ನಲಾರೆ. ನಾಳೆಯಿಂದ ಯಾರೂ ಬರಬೇಡಿ ಎನ್ನಲಿ. ನಿನ್ನೆ ಕರೆದವನಿಗೆ ನಿನ್ನೆಯ ಮಾತನ್ನು ಉಳಿಸಿಕೊಡಲಿ. ನಾನು ಕೇಳುತ್ತಿರುವುದು ಇಷ್ಟೇ.

ಇದು ಮೈಸೂರು ಸೀಮೆಯ ಮೇಷ್ಟರೊಬ್ಬನ ಭಾವುಕತೆಯೆಂದು ತಳ್ಳಿಹಾಕಬೇಡಿ. ಬ್ರಿಟನ್ನಿನ ನ್ಯಾಯಾಲಯವೇ ಹೇಳಿದ ಮಾತು. 2002ರಲ್ಲಿ ಆ ದೇಶ ಅತಿಕುಶಲ ವಲಸಿಗರಿಗೆಂದು ಒಂದು ಯೋಜನೆ ತಂದು, ಇಲ್ಲಿಗೇ ಬಂದು ನೆಲೆಸಿ ಎಂದು ಕರೆಯಿತು. ಊರಿನ ನೌಕರಿ ಬಿಟ್ಟು, ಮನೆ ಮಾರಿ ಹೋದವರಲ್ಲಿ ಭಾರತೀಯರು ಬಹಳ. 2006ರ ನವೆಂಬರ್‌ನಲ್ಲಿ ಅಂಕಗಳ ಲೆಕ್ಕವನ್ನೇ ಬದಲಿಸಿ, ಈಗಾಗಲೇ ಬಂದವರೂ ಹೊಸ ಲೆಕ್ಕದಲ್ಲಿ ಪಾಸಾಗಬೇಕು ಎಂದಿತು. ವಲಸಿಗರು ಎಚ್‌ಎಸ್‌ಎಂಪಿ ಫೋರಂ ಎಂಬ ಸಂಘ ಕಟ್ಟಿಕೊಂಡು ಕೋರ್ಟಿಗೆ ಹೋದರು. 2008ರ ಏಪ್ರಿಲ್‌ನಲ್ಲಿ ಹೈಕೋರ್ಟು, ಹಾಗೆ ನಡುವೆ ನಿಯಮ ಬದಲಿಸಿ ಹಳಬರ ಮೇಲೆ ಹೇರುವುದು ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿತು. ಕಾಯಂ ವಾಸದ ಅವಧಿಯನ್ನು ನಾಲ್ಕರಿಂದ ಐದು ವರ್ಷಕ್ಕೆ ಏರಿಸಿದ್ದೂ ಆ ಯೋಜನೆಯ ಹಳಬರಿಗೆ ಸಲ್ಲದು ಎಂದು 2009ರಲ್ಲಿ ಮತ್ತೊಂದು ತೀರ್ಪು ಬಂತು. ಒಂದು ವರ್ಷ ಹೆಚ್ಚಿಸಿದ್ದೇ ಅಂದು ಅನ್ಯಾಯವಾಗಿತ್ತು. ಹತ್ತು ವರ್ಷ ಹೆಚ್ಚಿಸುವುದು ಯಾವ ನ್ಯಾಯ?

ಈಗ ನಮ್ಮ ಕಡೆಗೂ ಬೆರಳು ತಿರುಗಿಸಬೇಕು. 1983ರ ನಮ್ಮ ವಲಸೆ ಕಾಯಿದೆಯ ಪ್ರಕಾರ ನೋಂದಾಯಿತ ಏಜೆಂಟ್ ಒಬ್ಬನಿಂದ ಪಡೆಯಬಹುದಾದದ್ದು ಮೂವತ್ತು ಸಾವಿರ ರೂಪಾಯಿ ಮತ್ತು ತೆರಿಗೆ. ಭೋಗ್ಯಕ್ಕೆ ಬಿದ್ದ ಗದ್ದೆಗಳನ್ನು ನೋಡಿದರೆ ಆ ನಿಯಮ ಯಾವ ಕಪಾಟಿನಲ್ಲಿದೆಯೋ ತಿಳಿಯುತ್ತದೆ. ಆ ಕಾಯಿದೆಯಡಿ ಸರ್ಕಾರದ ಅನುಮತಿ ಪಡೆದು ಹೊರಡಬೇಕಾದದ್ದು ಕೊಲ್ಲಿ ಮೊದಲಾದ ಹದಿನೆಂಟು ದೇಶಗಳಿಗೆ, ಅದೂ ಹತ್ತನೇ ತರಗತಿ ದಾಟದವರು. ಬ್ರಿಟನ್ನಿಗೆ ಹೋಗುವವಳು ಓದಿದವಳು, ಅವಳನ್ನು ಅವಳೇ ನೋಡಿಕೊಳ್ಳುತ್ತಾಳೆ ಎಂದು ನಾವು ಕೈತೊಳೆದುಕೊಂಡಿದ್ದೇವೆ. 2022ರ ಜುಲೈನಿಂದ 2024ರ ಡಿಸೆಂಬರ್‌ವರೆಗೆ ಬ್ರಿಟನ್ 470ಕ್ಕೂ ಹೆಚ್ಚು ಆರೈಕೆ ಸಂಸ್ಥೆಗಳಿಂದ ಜನರನ್ನು ಕರೆಸುವ ಪರವಾನಗಿಯನ್ನು ಕಿತ್ತುಕೊಂಡಿತು. ಅವುಗಳೊಂದಿಗೆ ತಳುಕು ಹಾಕಿಕೊಂಡಿದ್ದ ಕೆಲಸಗಾರರು 39,000ಕ್ಕೂ ಮೇಲೆ. ತಪ್ಪು ಸಂಸ್ಥೆಯದು, ಅರವತ್ತು ದಿನದಲ್ಲಿ ಬೇರೆ ಒಡೆಯನನ್ನು ಹುಡುಕಿಕೊ, ಇಲ್ಲವಾದರೆ ಹೊರಡು ಎಂಬ ಕಾಗದ ಬರುವುದು ಕೆಲಸಗಾರನಿಗೆ.

ಇನ್ನೊಂದು ಮಾತು ಹಲವರಿಗೆ ರುಚಿಸದು. 2024ರ ಜುಲೈನಲ್ಲಿ ನಮ್ಮ ರಾಜ್ಯದ ಸಂಪುಟ ಖಾಸಗಿ ಉದ್ಯೋಗಗಳನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಯೊಂದಕ್ಕೆ ಒಪ್ಪಿಗೆ ಕೊಟ್ಟು, ಗದ್ದಲವಾದ ಮೇಲೆ ತಡೆಹಿಡಿಯಿತು. ಸ್ಥಳೀಯ ಎನಿಸಿಕೊಳ್ಳಲು ಅದರಲ್ಲೂ ಹದಿನೈದು ವರ್ಷದ ವಾಸವೇ ಇತ್ತು! ಕನ್ನಡಿಗರಿಗೆ ಕೆಲಸ ಸಿಗಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಸರೋಜಿನಿ ಮಹಿಷಿ ವರದಿ 1986ರಲ್ಲೇ ಅದನ್ನು ಹೇಳಿದೆ. ಆದರೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ತಗಡಿನ ಶೆಡ್ಡಿನಲ್ಲಿದ್ದು ರಾತ್ರಿಪಾಳಿ ದುಡಿಯುವ ಬಿಹಾರದ, ಒಡಿಶಾದ ಹುಡುಗನನ್ನೂ ಯಾರೋ ಕರೆದೇ ತಂದಿದ್ದಾರೆ. ಅವನಿಗೂ ಒಬ್ಬ ಅಪ್ಪ, ಒಂದು ಅಡವಿಟ್ಟ ಹೊಲ ಇದ್ದೀತು. ನಾಳೆ ನಾವು ಏನೇ ನಿಯಮ ಮಾಡಿದರೂ ಅದು ನಾಳೆ ಬರುವವನಿಗೆ ಇರಲಿ. ನಿನ್ನೆ ಬಂದವನ ಲೆಕ್ಕವನ್ನು ಮುರಿದು ಲಂಡನ್ನಿನ ಮೇಲೆ ಕೂಗಾಡುವ ಮುಖ ನಮಗಿರುವುದಿಲ್ಲ.

ಒಂದು ದೇಶದ ಮಾತಿಗೆ ಬೆಲೆಯಿದೆಯೇ ಎಂಬುದು ಅದು ಬಲಾಢ್ಯರೊಂದಿಗೆ ಮಾಡಿಕೊಂಡ ಒಪ್ಪಂದದಿಂದ ತಿಳಿಯುವುದಿಲ್ಲ. ಅದನ್ನು ಮುರಿಯಲು ಎಲ್ಲರಿಗೂ ಭಯ. ಮತವಿಲ್ಲದ, ವಕೀಲನಿಗೆ ಕೊಡಲು ಕಾಸಿಲ್ಲದ, ಪರರ ಮುದುಕರ ಮೈ ತೊಳೆಯುವ ಹೆಂಗಸಿಗೆ ಕೊಟ್ಟ ಐದು ವರ್ಷದ ಮಾತು ಉಳಿಯುತ್ತದೆಯೇ ನೋಡಿ. ಅದು ಉಳಿದರೆ ಅದನ್ನು ನಾಗರಿಕ ದೇಶ ಎನ್ನೋಣ. ಉಳಿಯದಿದ್ದರೆ, ಇನ್ನು ಮುಂದೆ ಯಾರು ಕುಶಲರು ಯಾರು ಅಲ್ಲ ಎಂಬ ಪಾಠವನ್ನು ಅವರು ನಮಗೆ ಹೇಳದಿರಲಿ.